ಬೀಗರ ಕಾರ್ಖಾನೆಯ ನೀರು

ನಾನು ಹೆಚ್ಚು ಮಾತಾಡುವವನಲ್ಲ. ಆಡುವ ನಾಲ್ಕು ಮಾತೂ ನೀರಿನ ಬಾಟಲಿಯನ್ನು ಬೈಯುವುದಕ್ಕೇ ಖರ್ಚಾಗುತ್ತವೆ. ಏನು ಮಾಡಿದರೂ ಅದು ನನ್ನ ಬೆನ್ನು ಬಿಡುವುದಿಲ್ಲ.

೧

ಮೊಮ್ಮಗಳಿಗೆ ಕಮಲಾಪುರದ ಸಂಬಂಧ ಬಂತು. ಹುಡುಗ ಒಳ್ಳೆಯವನು, ಅವಳಿಗೂ ಮನಸ್ಸಿತ್ತು. ತೊಡಕು ಒಂದೇ. ಹುಡುಗನ ಅಪ್ಪನಿಗೆ ಕಪನೂರಿನಲ್ಲಿ ಬಾಟಲಿ ನೀರಿನ ಕಾರ್ಖಾನೆ.

ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದಳು. ಪ್ಲಾಸ್ಟಿಕ್ ಮಣ್ಣಿನಲ್ಲಿ ಕೊಳೆಯುವುದಿಲ್ಲ, ಅದರ ಚೂರು ನೀರಿನ ಜೊತೆ ಹೊಟ್ಟೆಗೆ ಹೋಗುತ್ತದೆ ಎಂಬ ನನ್ನ ಭಾಷಣ ಲಗ್ನ ಮುಗಿಯುವ ತನಕ ಬಂದ್ ಎಂದಳು. ಒಂದು ಮಾತು ಬಾಯಿಂದ ಬಿದ್ದರೂ ಹುಡುಗಿಯ ಲಗ್ನ ಮುರಿದಂತೆ.

"ಹಂಗಾದ್ರ ನಾ ಏನ್ ಮಾತಾಡ್ಲಿ?" ಎಂದೆ.

"ನನ್ನ ಜೋಡಿ ಮಾತಾಡ್ರಿ. ನಲವತ್ತೆಂಟು ವರ್ಷ ಆತು, ಕಾಯಾಕತ್ತೀನಿ."

೨

ಹುಡುಗನ ಕಡೆಯವರು ಬರುವ ದಿನ ಅವರದೇ ಕಾರ್ಖಾನೆಯ ಬಾಟಲಿ ಇಡಬೇಕೆಂದು ಅಪ್ಪಣೆಯಾಯಿತು. ಕೋಟೆ ಹತ್ತಿರದ ಅಂಗಡಿಗೆ ಹೋದೆ. ಕಲಬುರಗಿಯ ಮೇ ತಿಂಗಳು. ಬಾಟಲಿಗಳ ಕಟ್ಟುಗಳೆಲ್ಲ ರಸ್ತೆ ಬದಿಗೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಅಂಗಡಿಯವ ಮಾತ್ರ ಒಳಗೆ ಕೂಲರ್ ಮುಂದೆ.

ಒಂದನ್ನು ಮುಟ್ಟಿದೆ. ಕೈ ಚುರ್ರೆಂದಿತು. ಹೀಗೆ ಕಾದ ಪ್ಲಾಸ್ಟಿಕ್ಕಿನ ನೀರನ್ನು ಮನುಷ್ಯರು ಕುಡಿಯಬೇಕೇನಪ್ಪಾ ಎಂದು ಕೇಳಿದೆ. ಅಲ್ಲಿ ಹೆಂಡತಿ ಇರಲಿಲ್ಲ.

ಅವನು ಕೂತಲ್ಲಿಂದ ಏಳಲಿಲ್ಲ. "ಚಾಚಾ, ಅರ್ಧಾ ಚಹಾ ಆಗ್ಯದ. ಸಕ್ಕರಿ, ಪುಡಿ ನೀವ ಹಾಕ್ಕೋರಿ."

೩

ಅವರು ಬರುವ ಹಿಂದಿನ ದಿನ ಜೋರು ಮಳೆ. ಪಕ್ಕದ ಮನೆಯವನು ತೊಟ್ಟಿಲ ಕಾರ್ಯಕ್ರಮದ ಖಾಲಿ ಬಾಟಲಿಗಳನ್ನೆಲ್ಲ ಗಟಾರಕ್ಕೆ ದೂಡಿದ್ದ. ಗಟಾರ ಕಟ್ಟಿ, ಉಕ್ಕಿ, ನೀರು ಹಿಂದಕ್ಕೆ ತಿರುಗಿತು. ಬಾಟಲಿಗಳು ಸಾಲು ಹಿಡಿದು ತೇಲುತ್ತ ಅವನ ಪಡಸಾಲೆಗೇ ಹೋದವು.

ಅವನು ಕಸಬರಿಗೆ ಹಿಡಿದು ನಿಂತಿದ್ದ. ಬೈಯುವುದಿದ್ದರೆ ಬೈದುಬಿಡಿ ಎಂದ. ನಮ್ಮ ಬಾಗಿಲಲ್ಲಿ ಹೆಂಡತಿ ನೋಡುತ್ತಿದ್ದಳು. ನಾನು ಬೈಯಲಿಲ್ಲ. ಪಡಸಾಲೆಯಲ್ಲಿ ತೇಲುತ್ತಿದ್ದ ಬಾಟಲಿಗಳತ್ತ ಕೈ ತೋರಿಸಿದೆ.

"ತೊಟ್ಟಿಲಿಗೆ ಬಂದ ಮಂದಿ ಇನ್ನೂ ಹೋಗಿಲ್ಲಲ್ಲ. ಊಟಕ್ಕ ಕೂಡಸ್ರಿ" ಎಂದೆ.

೪

ಮರುದಿನ ಕಮಲಾಪುರದವರು ಬಂದರು. ಎಲ್ಲರ ಕೈಗೂ ಒಂದೊಂದು ಬಾಟಲಿ. ಅವರ ಮನೆತನದ ಪದ್ಧತಿ ಏನೆಂದರೆ, ಹಿರಿಯರು ನೀರು ಕುಡಿದರೆ ಸಂಬಂಧ ಒಪ್ಪಿಗೆ. ಕುಡಿಯದೆ ಎದ್ದರೆ ಮಾತು ಮುಗಿಯಿತು.

ಹಿರಿಯರೆಂದರೆ ಹುಡುಗನ ಅಜ್ಜ. ನನ್ನ ಹಾಗೆಯೇ ಮಾತಿಲ್ಲದ ಮನುಷ್ಯ. ಬಾಟಲಿಯನ್ನು ಶಲ್ಯದೊಳಗೆ ಹಿಡಿದು ಕೂತರು. ಹತ್ತು ನಿಮಿಷವಾಯಿತು. ಕುಡಿಯಲಿಲ್ಲ. ಮೊಮ್ಮಗಳ ಮುಖ ಬಾಡಿತು. ನಾನೇ ಏನೋ ಅಂದಿರಬೇಕೆಂದು ಹೆಂಡತಿ ನನ್ನನ್ನು ಕಣ್ಣಲ್ಲೇ ಸುಟ್ಟಳು.

ಅಜ್ಜ ಬಾಟಲಿ ಸಮೇತ ಎದ್ದು ಹಿತ್ತಲಿಗೆ ನಡೆದರು. ಸಂಬಂಧ ಹೋಯಿತು ಎಂದುಕೊಂಡು ನಾನೂ ಹಿಂದೆ ಹೋದೆ. ಅವರು ಆಚೀಚೆ ನೋಡಿ ಮೆಲ್ಲಗೆ ಕೇಳಿದರು.

"ನಿಮ್ಮ ಬಾಟ್ಲಿ ಮುಚ್ಚಳ ತೆರೀತೇನ್ರಿ?"

"ಇಲ್ಲ."

"ನಂದೂ ಇಲ್ಲ. ಮಗ ಮುಚ್ಚಳ ಬಿಗಿಯೋ ಹೊಸಾ ಮಷಿನ್ ತಂದಾನ. ಅವನ ಮುಂದ ಹೆಂಗ ಹೇಳ್ಲಿ? ಅಂಗೈ ಸುಲದದ ನೋಡ್ರಿ."

ಬೇವಿನ ಮರದ ಕೆಳಗೆ ನಮ್ಮ ಮಣ್ಣಿನ ಹರವಿ ಇತ್ತು. ತಂಬಿಗೆ ತುಂಬಿ ಕೊಟ್ಟೆ. ಗಟಗಟ ಕುಡಿದು ಇನ್ನೊಂದು ಕೇಳಿದರು. ಮೀಸೆ ಒರೆಸಿಕೊಂಡು, ಬಾಟಲಿಯ ನೀರಿಗೆ ವಾಸನೆ ಬರುತ್ತದೆ, ಕಮಲಾಪುರದ ಮನೆಯಲ್ಲೂ ತಾವು ಹರವಿಯದೇ ಕುಡಿಯುವುದು ಎಂದರು. ಆಮೇಲೆ ಒಳಗೆ ಹೋಗಿ ಎಲ್ಲರೆದುರು ನಿಂತರು.

"ನೀರು ಕುಡದೀನಿ. ಭಾಳ ಚೊಲೋ ನೀರು. ಲಗ್ನಾ ಗೊತ್ತು ಮಾಡ್ರಿ."

ಮೊಮ್ಮಗಳು ನಕ್ಕಳು. ಹುಡುಗನ ಅಪ್ಪನ ಎದೆ ಉಬ್ಬಿತು. ಇಷ್ಟು ದಿನಕ್ಕೆ ಅಪ್ಪ ತನ್ನ ನೀರನ್ನು ಮೆಚ್ಚಿದರು ಎಂದು ಕಣ್ಣು ಒರೆಸಿಕೊಂಡು, ಇನ್ನು ಜೀವನಪೂರ್ತಿ ನಮ್ಮ ಮನೆಗೆ ತಿಂಗಳಿಗೆ ಹತ್ತು ಪೆಟ್ಟಿಗೆ, ಅಪ್ಪನಿಗೆ ಇಪ್ಪತ್ತು ಎಂದು ಅಲ್ಲಿಯೇ ಘೋಷಿಸಿದರು.