ಗೇಟಿನ ಹೆಣವೂ ಬಸ್ಸಿನ ಹೆಣವೂ

"ಎಲ್ಲರೂ ಈ ಎರಡನೇ ಭಾಗವನ್ನು ಯಾಕೆ ಬೈಯುತ್ತಿದ್ದಾರೋ ನನಗಂತೂ ಅರ್ಥವಾಗಿಲ್ಲ. ಮೊದಲ ಭಾಗದಲ್ಲಿ ಹೆಣಗಳು ಓಡಿದವು, ಕಚ್ಚಿದವು, ನಾವು ಕಿರುಚಿದೆವು, ಮನೆಗೆ ಬಂದು ಊಟ ಮಾಡಿ ಮಲಗಿದೆವು. ಈ ಭಾಗ ಹಾಗಲ್ಲ. ಇಲ್ಲಿ ಹೆಣಗಳಿಗೆ ಅವಸರವೇ ಇಲ್ಲ, ಅವು ಕಾಯುತ್ತವೆ. ಅದರಲ್ಲೂ ಆಸ್ಪತ್ರೆಯ ಗೇಟಿನ ಹಿಂದೆ ಕಂಬಿ ಹಿಡಿದು ನಿಂತಿರುವ ಆ ಮುದಿ ಜೊಂಬಿ! ಅವನು ಯಾರನ್ನೂ ಕಚ್ಚುವುದಿಲ್ಲ. ಸುಮ್ಮನೆ ರಸ್ತೆ ನೋಡುತ್ತಾನೆ. ಆ ಕಣ್ಣು ನೋಡಿ ನನಗೆ ಊಟ ಸೇರಲಿಲ್ಲ. ಆ ನಟನಿಗೆ ಕೈ ಮುಗಿಯಬೇಕು. ಬೇಸರ ಒಂದೇ: ಬಸ್ಸಿನ ದೃಶ್ಯದಲ್ಲಿ ಹಿಂದೆ ನಿಂತ ಒಬ್ಬ ಜೊಂಬಿ ಎಲ್ಲ ಕೆಡಿಸಿಬಿಟ್ಟಿದ್ದಾನೆ. ನಾವು ಉಸಿರು ಬಿಗಿಹಿಡಿದು ಕೂತಿದ್ದರೆ ಅವನು ಬಸ್ಸಿನ ಮೈಗೆ ಧಡ್ ಧಡ್ ಎಂದು ಬಡಿಯುತ್ತಾನೆ! ಇಡೀ ಥಿಯೇಟರು ಗೊಳ್ಳೆಂದು ನಕ್ಕಿತು. ಆ ಪುಣ್ಯಾತ್ಮನನ್ನು ಯಾರು ಕರೆತಂದರೋ!"

ಇದು 'ಎದ್ದು ಬಂದವರು: ಭಾಗ ಎರಡು' ಎಂಬ ಸಿನಿಮಾದ ಬಗ್ಗೆ ಯಾರೋ ಪ್ರೇಕ್ಷಕರು ಬರೆದ ಅಭಿಪ್ರಾಯ. ನನ್ನ ಗಂಡ ಇದನ್ನು ದಿನಾ ಬೆಳಗ್ಗೆ ಚಹಾ ಲೋಟ ಪಕ್ಕಕ್ಕಿಟ್ಟುಕೊಂಡು ಫೋನಿನಿಂದ ನನಗೆ ಓದಿ ಹೇಳುತ್ತಿದ್ದರು. ಪಾರಾಯಣ ಎಂದರೆ ಪಾರಾಯಣ! ನಾನು ಕಿವಿಯಿಂದ ಓದಿದವಳು. ಶಾಲೆಯ ಮೆಟ್ಟಿಲು ಹತ್ತಿದಷ್ಟೇ ಬೇಗ ಇಳಿದುಬಿಟ್ಟೆ. ಆದ್ದರಿಂದ ಈ ಅಭಿಪ್ರಾಯ ಅಕ್ಷರ ಬಿಡದೆ ನನಗೆ ಬಾಯಿಪಾಠ.

ಯಾಕೆ ಇಷ್ಟು ಸಡಗರ ಅನ್ನುತ್ತೀರಾ? ಆ ಗೇಟಿನ ಜೊಂಬಿ, ನೋಡಿದವರಿಗೆ ಊಟ ಸೇರದಂತೆ ಮಾಡಿದ ಆ ಮಹಾಹೆಣ, ಬೇರೆ ಯಾರೂ ಅಲ್ಲ, ನನ್ನ ಯಜಮಾನರು! ಈ ಮಾತು ಬೀದಿಯ ಪ್ರತಿಯೊಬ್ಬರ ಕಿವಿಗೂ ಬೀಳಲೇಬೇಕು, ಬೀಳಿಸದಿದ್ದರೆ ನಾನು ನಾನೇ ಅಲ್ಲ ಎಂದು ಶಪಥ ತೊಟ್ಟೆ. ಭೀಷ್ಮನಾದರೂ ಇಷ್ಟು ಗಟ್ಟಿಯಾಗಿ ತೊಟ್ಟಿರಲಿಕ್ಕಿಲ್ಲ!

ನಮ್ಮವರು ಬಸ್ ಕಂಡಕ್ಟರ್ ಆಗಿದ್ದವರು. ಆಯುಷ್ಯವೆಲ್ಲ ಬಸ್ಸಿನಲ್ಲಿ ಕೂಗಿ ಕೂಗಿ, ನಿವೃತ್ತರಾದ ದಿನವೇ ಬಾಯಿಗೆ ಬೀಗ ಹಾಕಿಕೊಂಡರು. ಅನ್ನ ಹಾಕಲೇ ಎಂದರೆ "ಹೂಂ", ಸಾಕೇ ಎಂದರೆ "ಹೂಂ", ಬದುಕಿದ್ದೀರಾ ಎಂದರೂ "ಹೂಂ". ಡಾಕ್ಟರು ರಕ್ತ ನೋಡಿದರು, ನಾಡಿ ನೋಡಿದರು, ಕೊನೆಗೆ ನನ್ನನ್ನು ಬದಿಗೆ ಕರೆದು, "ಮೈಗೇನೂ ಆಗಿಲ್ಲಮ್ಮ. ಮನಸ್ಸು ಮುದುಡಿದೆ. ಮಾತಾಡಿಸ್ತಾ ಇರಿ, ಹೀಗೇ ಬಿಟ್ಟರೆ ಕಷ್ಟ" ಎಂದರು. ಮಾತಾಡಿಸುವುದೇನು ದೊಡ್ಡದು! ಗೋಡೆಯನ್ನೂ ಮಾತಾಡಿಸಬಹುದು. ಉತ್ತರ ಬರಬೇಕಲ್ಲ?

ಅಂಥ ಹೊತ್ತಿನಲ್ಲಿ ಬಸ್ ಡಿಪೋದಲ್ಲಿ ಸಿನಿಮಾದವರು ಬಂದು ಇಳಿದರು. ಹೆಣವಾಗಲು ವಯಸ್ಸಾದವರು ಬೇಕಂತೆ. ನಾನು ಇವರನ್ನು ದಬ್ಬಿ ಕಳಿಸಿದೆ. "ಮನೇಲಿ ಬಿಟ್ಟಿ ಆಗಿರೋದನ್ನ ಅಲ್ಲಿ ಊಟ ಕೊಟ್ಟು ಮಾಡಿಸ್ಕೋತಾರೆ, ಹೋಗಿ!" ಎಂದೆ. ಸಂಜೆ ಕಿವಿಯ ಹಿಂದೆ ಬೂದು ಬಣ್ಣ ಮೆತ್ತಿಕೊಂಡು ಬಂದರು. ಏನು ಮಾಡಿಸಿದರು ಎಂದರೆ, "ಗೇಟಿನ ಹತ್ರ ನಿಲ್ಲಿಸಿದ್ರು, ಬಸ್ಸಿಗೂ ಹತ್ತಿಸಿದ್ರು. ಕನ್ನಡಕ ತೆಗೆಸಿಬಿಟ್ಟಿದ್ರು, ನಂಗೇನೂ ಕಾಣಲಿಲ್ಲ" ಎಂದರು.

ಸಿನಿಮಾ ಬಂತು. ಥಿಯೇಟರಿಗೆ ಹೋದೆವು. ತೆರೆಯ ತುಂಬ ಹೆಣಗಳು, ಎಲ್ಲಕ್ಕೂ ಒಂದೇ ಬೂದು ಮುಖ, ಒಂದೇ ಹರಕು ಬಟ್ಟೆ. ಇವರು ಕನ್ನಡಕ ಒರೆಸಿ ಒರೆಸಿ ತಮ್ಮನ್ನು ತಾವೇ ಹುಡುಕುತ್ತಿದ್ದರು. ಗೇಟಿನ ಹಿಂದೆ ಆ ಮುದುಕ ಕಾಣಿಸಿದ್ದೇ ತಡ, ನಾನು ಎದ್ದು ನಿಂತು ಬೆರಳು ತೋರಿಸಿದೆ.

"ಅಗೋ! ನೀವೇ ಅಲ್ವಾ!"

"ನಾನಾ?"

"ನೀವಲ್ದೆ ಇನ್ಯಾರು? ಕಟ್ಕೊಂಡ ಗಂಡ ನಂಗೆ ಗೊತ್ತಾಗಲ್ವಾ?"

"ಹಾಗಾದ್ರೆ ನಾನೇ ಇರಬೇಕು" ಎಂದರು. ನನ್ನ ಮಾತಿಗೆ ಎದುರಾಡಿದವರಲ್ಲ, ಪಾಪ.

ಸಿನಿಮಾ ಬಂದಷ್ಟೇ ಬೇಗ ಹೋಯಿತು. ಆದರೆ ಅಭಿಪ್ರಾಯಗಳು ಉಳಿದವು! ಸಿನಿಮಾ ಬೈದವರೂ ಗೇಟಿನ ಜೊಂಬಿಯನ್ನು ಹೊಗಳಿದರು. "ಅವನಿಗಾಗಿ ಇನ್ನೊಮ್ಮೆ ನೋಡಿದೆ" ಎಂದು ಒಬ್ಬರು, "ಈ ಸಿನಿಮಾದ ಬೆಲೆ ಜನಕ್ಕೆ ಗೊತ್ತಾಗಲಿಲ್ಲ" ಎಂದು ಇನ್ನೊಬ್ಬರು. ಒಂದೊಂದನ್ನು ಓದಿದಂತೆಯೂ ನಮ್ಮವರ ಬೆನ್ನು ನೆಟ್ಟಗಾಯಿತು. ಗಡ್ಡ ಹೆರೆದುಕೊಂಡರು. ಅನ್ನಕ್ಕೆ "ಇನ್ನೊಂದು ಸ್ವಲ್ಪ" ಎಂದರು! ನಾನು ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಇವರಿಗೆ ಬಸ್ಸಿನ ಜೊಂಬಿಯ ಮೇಲೆ ಹಗೆ ಹುಟ್ಟಿತು. ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ತಾವೂ ಅಭಿಪ್ರಾಯ ಬರೆದರು: "ಗೇಟಿನ ಬಳಿ ನಾವು ಪಟ್ಟ ಶ್ರಮವನ್ನೆಲ್ಲ ಬಸ್ಸಿನ ಬಳಿ ಒಬ್ಬ ಅವಿವೇಕಿ ಹಾಳು ಮಾಡಿದ್ದಾನೆ. ಇಂಥವರನ್ನು ಹೆಣದ ಕೆಲಸಕ್ಕೂ ಸೇರಿಸಬಾರದು." ಕೆಳಗೆ ತಮ್ಮ ಹೆಸರು, ಅದರ ಪಕ್ಕ 'ಗೇಟಿನ ಜೊಂಬಿ' ಎಂದು ಬಿರುದು! ಜನ ಅದಕ್ಕೂ ಕೈ ಮುಗಿದರು.

ಇನ್ನೇನು, ನನ್ನ ಶಪಥ ಪೂರೈಸುವ ಕಾಲ ಬಂತು. ಸಿನಿಮಾ ಟೀವಿಯಲ್ಲಿ ನೋಡಲು ಸಿಗುತ್ತದೆ ಎಂದು ಕೆಳಗಿನ ಮನೆಯ ಟೈಲರ್ ಹೇಳಿದಳು. ಒಂದು ಭಾನುವಾರ ಮಧ್ಯಾಹ್ನ ಅವಳನ್ನೂ, ಬೀದಿಯ ನಾಲ್ಕು ಜನರನ್ನೂ, ಇವರ ಜೊತೆ ಒಂದೇ ಬಸ್ಸಿನಲ್ಲಿ ದುಡಿದ ಡ್ರೈವರನ್ನೂ ಕರೆದೆ. ಪರದೆ ಎಳೆದೆ. ಇವರು ಇಸ್ತ್ರಿ ಅಂಗಿ ತೊಟ್ಟು, ಸಿಂಹಾಸನದಂತೆ ಕುರ್ಚಿಯಲ್ಲಿ ಕೂತರು.

ಗೇಟು ಬಂತು. "ನಿಲ್ಸಮ್ಮಾ!" ಎಂದು ಟೈಲರಿಗೆ ಹೇಳಿದೆ. ಚಿತ್ರ ನಿಂತಿತು. "ನೋಡಿ ಎಲ್ಲರೂ, ಕಣ್ತುಂಬ ನೋಡಿ!" ಎಂದೆ.

ಎಲ್ಲರೂ ನೋಡಿದರು. ಟೈಲರ್ ಕತ್ತು ಮುಂದೆ ಚಾಚಿದಳು. ಅಳತೆ ತೆಗೆಯುವವಳ ಕಣ್ಣು ಅದು, ಹಾಳಾದ್ದು!

"ಅಮ್ಮಾ, ಯಜಮಾನ್ರಿಗೆ ಎಡಗೈಲಿ ಆರು ಬೆರಳಾ?"

"ಐದೇ ಕಣೆ."

"ಇಲ್ಲಿ ಕಂಬಿ ಮೇಲೆ ಆರಿದೆ."

"ಸಿನಿಮಾದವರು ಅಂಟಿಸಿರ್ತಾರೆ. ಅವರೇನು ಬೇಕಾದ್ರೂ ಮಾಡ್ತಾರೆ. ಮುಂದೆ ಓಡ್ಸು!"

ಮುಂದೆ ಓಡಿಸಿದ್ದೇ ತಪ್ಪಾಯಿತು. ಬಸ್ಸು ಬಂತು. ಹೆಣಗಳು ಮೇಲೆ ಬಿದ್ದು ಬಾಗಿಲಿಗೆ ನುಗ್ಗಿದವು. ಎಲ್ಲರ ಹಿಂದೆ ಒಂದು ಹೆಣ ನಿಂತಿತ್ತು. ಅದು ನುಗ್ಗಲಿಲ್ಲ. ಕುಂಟುತ್ತಿದ್ದ ಒಂದು ಹೆಣ್ಣು ಹೆಣದ ಮೊಣಕೈ ಹಿಡಿದು ಮೆಟ್ಟಿಲಿಗೆ ಹತ್ತಿಸಿತು. ಆಚೆ ನೋಡಿತು, ಈಚೆ ನೋಡಿತು. ಅಂಗೈ ಅಗಲಿಸಿ ಬಸ್ಸಿನ ಮೈಗೆ ಎರಡು ಏಟು ಬಡಿದು, ಕೊನೆಗೆ ತಾನು ಹತ್ತಿತು.

ಡ್ರೈವರ್ ಕೂತಲ್ಲಿಂದ ನೆಗೆದು ಎದ್ದ. "ಏಯ್ ಕಂಡಕ್ಟ್ರೇ! ನೀನೇ ಅಲ್ವೇನೋ ಅದು! ಅತ್ತಿಗೇ, ನಮ್ ಕಂಡಕ್ಟ್ರು! ಜನ್ಮವೆಲ್ಲ ಬಸ್ಸಿನ ಕನ್ನಡೀಲಿ ಇದನ್ನೇ ನೋಡಿದ್ದೀನಿ ನಾನು!" ಆನಂದದಲ್ಲಿ ಅವನ ಕಣ್ಣಲ್ಲಿ ನೀರು.

ಹೆದರಿಸುವ ಸಿನಿಮಾ ಅಂದರೆ ಏನು ಎಂದು ನನಗೆ ಆಗ ಗೊತ್ತಾಯಿತು! ಟೈಲರ್ ಮೆಲ್ಲಗೆ, "ಇದಕ್ಕೆ ಐದೇ ಬೆರಳು" ಎಂದಳು. ನಮ್ಮವರು ಎದ್ದರು. ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು. ಬಂದವರು ಚಪ್ಪಲಿ ಹುಡುಕಿಕೊಂಡರು.

ಅವತ್ತು ಊಟವಿಲ್ಲ. ಮರುದಿನ ಚಹಾಕ್ಕೆ "ಹೂಂ" ಕೂಡ ಇಲ್ಲ. ಫೋನು ಮೂಲೆಯಲ್ಲಿ ಮಕಾಡೆ ಬಿದ್ದಿತ್ತು. ಡಾಕ್ಟರ ಮಾತು ನನ್ನ ಎದೆಯಲ್ಲಿ ಕಲ್ಲಿನಂತೆ ಕೂತಿತು. ಹೊಗಳಿಸಲು ಹೋಗಿ ಮನುಷ್ಯನನ್ನೇ ಕಳೆದುಕೊಂಡೆನಲ್ಲ! ಹೆಣ ಗುರುತಿಸಲು ಬಾರದ ನಾನು ಗಂಡನನ್ನು ಬಲ್ಲೆ ಎಂದು ಮೆರೆದೆನಲ್ಲ! ಅವರು ಅಷ್ಟು ಕಾಲ ಬಸ್ಸಿನಲ್ಲಿದ್ದರು, ನಾನು ಅಷ್ಟು ಕಾಲ ಮನೆಯಲ್ಲಿದ್ದೆ. ಅವರು ಕೆಲಸ ಮಾಡುವುದನ್ನು ನಾನು ಕಣ್ಣಾರೆ ಕಂಡದ್ದೇ ಇಲ್ಲ.

ದುಃಖವಿದ್ದರೂ ಬಟ್ಟೆ ಒಗೆಯದೆ ಆಗುತ್ತದೆಯೇ? ಹಾಸಿಗೆಯ ದೊಡ್ಡ ಹೊದಿಕೆ ಒಗೆದು ಒಬ್ಬಳೇ ಹಿಂಡಲಾರದೆ ಒದ್ದಾಡುತ್ತಿದ್ದೆ. ಹಿಂದಿನಿಂದ ಬಂದು ಯಾರೋ ಇನ್ನೊಂದು ತುದಿ ಹಿಡಿದರು. ಇವರೇ! ನಾನು ಉಸಿರು ಬಿಡಲಿಲ್ಲ. ಬಿಟ್ಟರೆ ಎಲ್ಲಿ ಮತ್ತೆ ಒಳಗೆ ಹೋಗುತ್ತಾರೋ ಎಂದು. ಒಂದು ಸುತ್ತು ಹಿಂಡಿದ ಮೇಲೆ ನಾನೇ ಕೇಳಿದೆ.

"ಅಲ್ರೀ, ಯಾಕೆ ಬಡಿದ್ರಿ ಬಸ್ಸಿಗೆ?"

"ಬಡಿದದ್ದು ನಂಗೇ ಗೊತ್ತಾಗಿಲ್ಲ, ಕೈಯ ರೂಢಿ. ಕೊನೆಯವರು ಹತ್ತಿದ್ರೋ ಇಲ್ವೋ ನೋಡ್ದೆ ಗಾಡಿ ಬಿಡೋಕಾಗುತ್ತಾ?"

"ಅವರು ಸತ್ತವರು ಕಣ್ರೀ!"

"ಸತ್ತವರಾದ್ರೆ? ಬಿದ್ರೆ ಪೆಟ್ಟಾಗಲ್ವಾ?"

ನಗು ಉಕ್ಕಿ ಬಂತು. ಅವರು ನಗಲಿಲ್ಲ. ಹೊದಿಕೆಯನ್ನು ಒಂದು ಸುತ್ತು ತಿರುವಿ ನನ್ನ ಮುಖ ನೋಡಿದರು.

"ಅದಿರಲಿ. ಅಷ್ಟು ಹೆಣ ಇತ್ತಲ್ಲ ಅಲ್ಲಿ. ಆ ಗೇಟಿನವನೇ ನಾನು ಅಂತ ಹೇಗಂದ್ಕೊಂಡೆ?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. "ದಿನಾ ಕಿಟಕೀಲಿ ಕಂಬಿ ಹಿಡ್ಕೊಂಡು ನಿಂತಿರ್ತೀರಲ್ಲ... ಹಾಗೇ ಇತ್ತು" ಎಂದೆ.

ಅವರ ಕೈ ನಿಂತಿತು. ನನ್ನದೂ ನಿಂತಿತು. ಲೋಕವೆಲ್ಲ ನೋಡಿ ಹೆದರಿದ ಹೆಣದಲ್ಲಿ ಹೆಂಡತಿಯಾದವಳು ತನ್ನ ಗಂಡನನ್ನು ಕಂಡಳು ಎಂದರೆ, ಯಾವ ಪ್ರೇಕ್ಷಕರು ಬರೆದಾರು ಇಂಥ ಅಭಿಪ್ರಾಯವನ್ನು!

"ಅಷ್ಟು ಕೆಟ್ಟದಾಗಿ ಕಾಣ್ತೀನಾ ಮನೇಲಿ?"

"ಊಟ ಸೇರಲ್ಲ ಕೆಲವು ದಿನ."

"ಮತ್ತೆ ಮೊದ್ಲೇ ಹೇಳೋದಲ್ವೇನೇ? ಊರವರ ಅಭಿಪ್ರಾಯವೆಲ್ಲ ಬಾಯಿಪಾಠ ನಿಂಗೆ, ನಿನ್ನ ಬಾಯಿಂದ ಒಂದು ಮಾತು ಬರಲಿಲ್ಲ!"

ನಾನು ಹೊದಿಕೆಯ ತುದಿಯನ್ನು ಕೈಗೆ ಸುತ್ತಿಕೊಂಡೆ.

"ಬಿಗಿ ಹಿಡಿ, ನೀರು ಹಾಗೇ ಇದೆ" ಎಂದರು. ನಾನು ಬಿಗಿ ಹಿಡಿದೆ. ಇಬ್ಬರೂ ಎದುರುಬದುರಾಗಿ ತಿರುಚಿದೆವು, ನೀರು ಕಾಲ ಮೇಲೆ ಸುರಿಯಿತು. ಆಮೇಲೆ ಹೊದಿಕೆಯನ್ನು ಕೊಡವಿ, ಹಗ್ಗಕ್ಕೆ ಹಾಕಿ, ಅವರು ಆ ಕಡೆಯಿಂದ, ನಾನು ಈ ಕಡೆಯಿಂದ, ಮಡಿಕೆ ಬಿಡಿಸಿ ಎಳೆದೆವು.