ಆರ್ಮಸ್ ಮೇಷ್ಟ್ರು ಅಂಟಿಸಿದ ಚೀಟಿಗಳು

ಹಿಮನಾಡಿನ ಔಲು ಊರಿನ ಆ ಕಟ್ಟಡದಲ್ಲಿ ನೆರೆಹೊರೆಯವರು ಆಡಿಕೊಳ್ಳುತ್ತಿದ್ದ ಮಾತೊಂದಿತ್ತು: "ಆರ್ಮಸ್ ಮೇಷ್ಟ್ರಿಗೆ ಗಾಳಿಯಲ್ಲಿ ಹೋಗೋ ಮಾತೆಲ್ಲ ಗೊತ್ತು, ಪಕ್ಕದ ಮನೆಯವರ ಹತ್ರ ಆಡೋ ಮಾತೊಂದು ಬಿಟ್ಟು."

ಸುಳ್ಳೇನಲ್ಲ. ತಂತಿಯಿಲ್ಲದ ಜಾಲದಲ್ಲಿ ಸಂದೇಶಗಳು ಹೇಗೆ ಓಡುತ್ತವೆ, ಎಲ್ಲಿ ಮುಗ್ಗರಿಸುತ್ತವೆ ಎಂದು ಇಪ್ಪತ್ತೆರಡು ವರ್ಷ ಪಾಠ ಹೇಳಿದವರು. ಮನೆಯಿಂದ ಹೊರಡುವಾಗ ಮಾತ್ರ ಬಾಗಿಲ ಕಿಂಡಿಗೆ ಕಣ್ಣಿಟ್ಟು, ಮೆಟ್ಟಿಲ ಮೇಲೆ ನರಪಿಳ್ಳೆಯೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಚಿಲಕ ತೆಗೆಯುವರು. (ಯಾರಾದರೂ ಎದುರಾದರೆ ಮಾತಾಡಬೇಕಾಗುತ್ತಲ್ಲ.) ಹೇಳುವುದೇನಿದ್ದರೂ ಚೀಟಿ ಬರೆದು ಕೆಳಗಿನ ಹೆಬ್ಬಾಗಿಲಿಗೆ ಅಂಟಿಸುವುದು ಆ ಕಟ್ಟಡದವರ ಕುಲಧರ್ಮ.

ಅವರ ಪಾಠದ ಸಾರವನ್ನು ಶಿಷ್ಯರು ಒಂದು ಕಾಫಿ ಮಗ್ಗಿನ ಮೇಲೆ ಅಚ್ಚು ಹಾಕಿಸಿಕೊಟ್ಟಿದ್ದರು: "ಉತ್ತರ ಬರಲಿಲ್ಲವೇ? ದಾರಿಯಲ್ಲಿ ನೂಕುನುಗ್ಗಲು ಎಂದು ಹಿಂಜರಿಯಬೇಡಿ. ಕಳೆದುಹೋಗಿರಬಹುದು. ಮತ್ತೆ ಕಳಿಸಿ." ಹಾಗೆ ಹಿಂಜರಿಯುವುದೇ ಕಂಪ್ಯೂಟರಿನ ಪೆದ್ದುತನ. ಗೋಡೆಯೋ ಗಾಳಿಯೋ ನುಂಗಿದ್ದನ್ನು ಜನಜಂಗುಳಿ ನುಂಗಿತೆಂದು ತಿಳಿದು, ತಾನೇ ವೇಗ ಅರ್ಧ ಮಾಡಿಕೊಂಡು ಕೂರುತ್ತದೆ. ಆ ಮಗ್ಗಿನಲ್ಲಿ ದಿನಾ ಕಾಫಿ ಕುಡಿಯುತ್ತಿದ್ದವಳು ಹೆಂಡತಿ ಹೆಲ್ಕಾ.

ಒಂದು ಭಾನುವಾರ ಮಧ್ಯಾಹ್ನ ಹೆಲ್ಕಾ ಇಂಟರ್ನೆಟ್ಟಿನಲ್ಲಿ ಹಿಮಜಾರಾಟದ ಪಂದ್ಯ ನೋಡುತ್ತಿದ್ದಾಗ, ಕೊನೆಯ ಏರಿನಲ್ಲಿ ಆಟಗಾರ್ತಿ ಒಂಟಿಕಾಲಲ್ಲಿ ನಿಂತವಳು ಹಾಗೇ ನಿಂತುಬಿಟ್ಟಳು.

"ಇವಳು ಗೆಲ್ಲೋದು ಮುಂದಿನ ಚಳಿಗಾಲಕ್ಕೇ ಇರಬೇಕು," ಎಂದಳು ಹೆಲ್ಕಾ.

"ಇಡೀ ಕಟ್ಟಡಕ್ಕೆ ಇರೋದು ಒಂದೇ ಸಂಪರ್ಕ. ಯಾರೋ ಮಹಾನುಭಾವರು ಪೂರ್ತಿ ಹೀರ್ತಿದ್ದಾರೆ," ಎಂದು ಮೇಷ್ಟ್ರು ಚೀಟಿ ಬರೆದರು: "ಭಾನುವಾರ ಮೂರರಿಂದ ಐದರವರೆಗೆ ಇಂಟರ್ನೆಟ್ಟನ್ನು ಹಿತಮಿತವಾಗಿ ಬಳಸತಕ್ಕದ್ದು." ಮುಂದಿನ ವಾರವೂ ಆಟಗಾರ್ತಿ ಕಲ್ಲಾದಳು. ಎರಡನೆಯ ಚೀಟಿ ಅಂಟಿತು, ಈ ಸಲ ಇಂಟರ್ನೆಟ್ ಬಳಕೆಯ ನಕ್ಷೆ ಸಮೇತ.

ಮೂರನೆಯ ಭಾನುವಾರ ಹೆಲ್ಕಾ ಕೆಳಗಿನ ಒಗೆಯುವ ಕೋಣೆಯಿಂದ ಬಟ್ಟೆ ಬುಟ್ಟಿ ಹೊತ್ತು ಬಂದಳು. ಮುಖ ಸಪ್ಪಗಿತ್ತು.

"ಕೆಳಗಿನ ಮನೆ ವಿಯೆನೊ ಅಜ್ಜಿ ಸಿಕ್ಕಿದ್ರು. ಟ್ರಾಂಡ್‌ಹೈಮ್‌ನಲ್ಲಿರೋ ಮೊಮ್ಮಗಳು ಭಾನುವಾರ ಮೂರಕ್ಕೆ ಮುಖ ತೋರಿಸಿ ಮಾತಾಡ್ತಿದ್ದಳಂತೆ. ನಿನ್ನ ಚೀಟಿ ನೋಡಿ ಬೇಡ ಅಂದುಬಿಟ್ಟಿದ್ದಾರೆ. 'ಮೇಷ್ಟ್ರು ಓದಿದೋರು, ಸುಮ್ಮನೆ ಬರೀತಾರಾ' ಅಂದ್ರು."

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಪರದೆಯ ಮೇಲೆ ಆಟಗಾರ್ತಿ ಇವತ್ತೂ ಕಲ್ಲಾಗಿ ನಿಂತಿದ್ದಳು. "ಹಾಗಾದ್ರೆ ಈಗ ಚೆನ್ನಾಗಿ ಬರಬೇಕಿತ್ತಲ್ಲ…"

ಹೆಲ್ಕಾ ಇಸ್ತ್ರಿ ಹಲಗೆ ತರಲು ಸೌನಾಕ್ಕೆ ಹೋದಳು. ಮನೆಯೊಳಗಿನ ಈ ಹಬೆಕೋಣೆಯಲ್ಲಿ ಅವರು ಬೆವರು ಹರಿಸಿ ವರ್ಷಗಳೇ ಆಗಿದ್ದವು. ಅಲ್ಲೀಗ ಕ್ರಿಸ್ಮಸ್ ಡಬ್ಬಗಳು, ಹಳೆ ಬೂಟುಗಳು, ಜೊತೆಗೆ ಕಳೆದ ತಿಂಗಳು ಮೇಷ್ಟ್ರೇ ತಂದಿಟ್ಟ ವೈಫೈ ಡಬ್ಬಿ. ಪಡಸಾಲೆಯಲ್ಲಿ ಅದರ ಮಿಣಿಮಿಣಿ ದೀಪ ಅವರಿಗೆ ಕಿರಿಕಿರಿಯಾಗಿತ್ತು.

ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಮೇಷ್ಟ್ರು ಇಣುಕಿದರೆ, ಹೆಲ್ಕಾ ಹಬೆಕಟ್ಟೆಯ ಮೇಲೆ ಡಬ್ಬಗಳ ನಡುವೆ ಕೂತು ಫೋನಿನಲ್ಲಿ ಪಂದ್ಯ ನೋಡುತ್ತಿದ್ದಳು. ಆಟಗಾರ್ತಿ ಚಿಗರೆಯಂತೆ ಓಡುತ್ತಿದ್ದಳು.

"ಆರ್ಮಸ್, ಈ ಗೋಡೆಯ ಮರದ ಹಿಂದೆ ಏನಿದೆ?"

ಮೇಷ್ಟ್ರ ಕಿವಿ ಬಿಸಿಯಾಯಿತು. "ಶಾಖ ಹೊರಗೆ ಹೋಗದ ಹಾಗೆ… ಅಲ್ಯುಮಿನಿಯಂ ಹಾಳೆ."

"ಸುತ್ತಲೂ?"

"ಸುತ್ತಲೂ. ಚಾವಣಿಗೂ. ವೈಫೈ ಅಲೆ ಅದನ್ನ ದಾಟೋದು ಕಷ್ಟ." ದನಿ ಕಪಾಟಿನ ತಳದಿಂದ ಬಂದಂತಿತ್ತು.

ಇಪ್ಪತ್ತೆರಡು ವರ್ಷ ಯಾವ ಪೆದ್ದುತನವನ್ನು ಕಪ್ಪು ಹಲಗೆಯ ಮೇಲೆ ಹಂಗಿಸಿದ್ದರೋ, ಅದೇ ಪೆದ್ದುತನ ಅವರ ರುಜು ಸಮೇತ ಕೆಳಗಿನ ಬಾಗಿಲಲ್ಲಿ ನೇತಾಡುತ್ತಿತ್ತು. ಮೇಷ್ಟ್ರು ಓಡಿಹೋಗಿ ಎರಡು ಚೀಟಿಯನ್ನೂ ಕಿತ್ತು ತಂದರು. ಮೇಜಿನ ಮುಂದೆ ಕೂತು ಹೊಸ ಹಾಳೆ ಎಳೆದುಕೊಂಡರು: "ಕೆಲವು ತಾಂತ್ರಿಕ ಕಾರಣಗಳಿಂದ…"

ಹೆಲ್ಕಾ ಹಾಳೆ ಕಸಿದುಕೊಂಡಳು. "ಮುದುಕಿಯಿಂದ ಎರಡು ಭಾನುವಾರ ಕಿತ್ಕೊಂಡಿದ್ದೀಯ. ಚೀಟಿ ಅಂಟಿಸಿ ವಾಪಸ್ ಕೊಡ್ತೀಯಾ? ಹೋಗು, ಗಂಟೆ ಒತ್ತು." ಕೈಗೆ ಏಲಕ್ಕಿ ಬನ್ನಿನ ತಟ್ಟೆ ಇಟ್ಟಳು.

ಮೇಷ್ಟ್ರು ಹೋದರು. ಎರಡು ನಿಮಿಷಕ್ಕೇ ಬನ್ನಿನ ಸಮೇತ ವಾಪಸ್.

"ಒಂದ್ಸಲ ಒತ್ತಿದೆ. ತೆಗೀಲಿಲ್ಲ. ಕೆಲಸದಲ್ಲಿರಬೇಕು ಪಾಪ, ತೊಂದರೆ ಯಾಕೆ? ಮುಂದಿನ ವಾರ ನೋಡಿದ್ರಾಯ್ತು."

ಹೆಲ್ಕಾ ಉಳಿದ ಕಾಫಿ ಗುಟುಕರಿಸಿ, ಮಗ್ಗನ್ನು ಮೇಜಿನ ಮೇಲಿಟ್ಟು, ಅಕ್ಷರಗಳು ಗಂಡನ ಕಡೆ ಬರುವ ಹಾಗೆ ಮೆಲ್ಲಗೆ ತಿರುಗಿಸಿದಳು.

ಮೇಷ್ಟ್ರು ಓದಿದರು. ಕತ್ತಿನ ತನಕ ಕೆಂಪಾದರು.

"ಅಜ್ಜಿಗೆ ಕಿವಿ ಸ್ವಲ್ಪ ಮಂದ," ಎಂದಳು ಹೆಲ್ಕಾ.

ಮೇಷ್ಟ್ರು ಮತ್ತೆ ಬೂಟು ಮೆಟ್ಟಿದರು, ತಟ್ಟೆ ಎತ್ತಿಕೊಂಡರು. ಈ ಸಲ ಕಿಂಡಿಗೆ ಕಣ್ಣೂ ಇಡದೆ, ಬಾಗಿಲು ತೆರೆದು ಹೊರಟರು.