ಎಡಗಡೆಯ ಕೆಂಪು ದೀಪ

ಶೇಷಪ್ಪ ಮೇಷ್ಟ್ರ ಕಾರಿನ ಹಿಂದಿನ ಎಡಗಡೆಯ ದೀಪ ಎಂದು ಸತ್ತಿತೋ ಯಾರಿಗೂ ಗೊತ್ತಿಲ್ಲ. ತನ್ನ ಬೆನ್ನು ತನಗೆ ಕಾಣದ ಹಾಗೆ, ಓಡಿಸುವವನಿಗೆ ತನ್ನ ಗಾಡಿಯ ಹಿಂದಿನ ದೀಪವೂ ಕಾಣುವುದಿಲ್ಲ. ಕಂಡದ್ದು ಪಕ್ಕದ ಮನೆಯ ಗಂಗಾಧರಪ್ಪನವರಿಗೆ. ನಿವೃತ್ತ ಎಂಜಿನಿಯರಾದ ಅವರಿಗೆ ಶಿವಮೊಗ್ಗದ ವಿನೋಬನಗರದ ಆ ಬೀದಿಯಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ಮನೆಯವರಿಗಿಂತ ಮೊದಲು ಗೊತ್ತಾಗುತ್ತಿತ್ತು.

“ಮೇಷ್ಟ್ರೇ, ನಿಮ್ಮ ಗಾಡಿಗೆ ಎಡಗಣ್ಣಿಲ್ಲ,” ಎಂದರು ಬೆಳಿಗ್ಗೆ ಒಂಬತ್ತಕ್ಕೆ.

ಬೇರೆ ದಿನವಾಗಿದ್ದರೆ ಶೇಷಪ್ಪ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಅಂದು ಸಂಜೆ ಏಳಕ್ಕೆ ಭದ್ರಾವತಿಯ ಓಲ್ಡ್ ಟೌನಿನಲ್ಲಿ ತಂಗಿ ಶರಾವತಿಯ ಹೊಸ ಮನೆಯ ವಾಸ್ತು ಹೋಮ. ಎಂಟು ದಾಟಿದರೆ ಆ ದಿನ ಮುಹೂರ್ತವಿಲ್ಲ. ಹೋಮ ಮಾಡಿಸುವ ಗಣಪಯ್ಯ ಭಟ್ಟರನ್ನು ಶಿವಮೊಗ್ಗದಿಂದ ಕರೆತರುವುದು ಶೇಷಪ್ಪನವರ ಹೊಣೆ. ತಂಗಿಯ ಗಂಡ ಹಿರಿಯಣ್ಣ ಎರಡು ವರ್ಷದಿಂದ ಶೇಷಪ್ಪನವರೊಂದಿಗೆ ಮಾತು ಬಿಟ್ಟಿದ್ದ. ಮಗುವಿನ ನಾಮಕರಣಕ್ಕೆ ಫೋಟೋದವನಿಗೆ ಹೇಳುತ್ತೇನೆಂದು ಒಪ್ಪಿಕೊಂಡು ಇವರು ಮರೆತಿದ್ದೇ ಕಾರಣ. “ಇದೊಂದು ಕೆಲಸ ಸರಿಯಾಗಿ ಮಾಡಿಕೊಡಣ್ಣ, ಅವ್ರು ಸರಿಹೋಗ್ತಾರೆ,” ಎಂದು ಶರಾವತಿ ಫೋನಿನಲ್ಲಿ ಅತ್ತಿದ್ದಳು.

ತೊಡಕಿದ್ದದ್ದು ಭಟ್ಟರಲ್ಲಿ. ಅರವತ್ತನೇ ವಯಸ್ಸಿನಲ್ಲಿ ಕಾರು ಕಲಿತು ಮೂರು ತಿಂಗಳಾಗಿತ್ತು. ಇನ್ನೊಬ್ಬರ ಗಾಡಿ ಹತ್ತುವುದಿಲ್ಲ ಎಂದು ಹಟ. “ಮುಂದೊಂದು ಗಾಡಿ ಇದ್ರೆ ಸಾಕು, ಅದರ ಕೆಂಪು ದೀಪ ನೋಡ್ಕೊಂಡು ಕಾಶಿಗೆ ಬೇಕಾದ್ರೂ ಬರ್ತೀನಿ,” ಎಂದಿದ್ದರು. ಅಂಥವರ ಮುಂದೆ ಹೋಗುವ ಕಾರಿಗೇ ದೀಪವಿಲ್ಲವೆಂದರೆ!

ಹೆಂಡತಿ ವಾಣಿ ಹಿಂದೆ ನಿಂತು ನೋಡಿದಳು. ಶೇಷಪ್ಪ ಒಳಗೆ ಕೂತು ಬ್ರೇಕ್ ಒತ್ತಿದರು.

“ಹತ್ತಿತಾ?”

“ಹತ್ತಿತು. ಬಲಗಡೇದು.”

“ಎಡಗಡೇದು?”

“ನಿಮ್ಮ ಎಡವೋ ನನ್ನ ಎಡವೋ?”

ಅಷ್ಟರಲ್ಲಿ ಗಂಗಾಧರಪ್ಪನವರು ಟೆಸ್ಟರ್ ಹಿಡಿದು ಗೇಟು ದಾಟಿ ಬಂದಿದ್ದರು. “ಬಲ್ಬ್ ಹೋಗಿರಲ್ಲ ಮಾರಾಯ್ರೇ. ಒಳಗೆ ತುಕ್ಕು ಹಿಡಿದು ಲೂಸ್ ಆಗಿರುತ್ತೆ. ನಮ್ಮ ಕಾಲದಲ್ಲಿ ಇದಕ್ಕೆಲ್ಲ ಮೆಕ್ಯಾನಿಕ್ ಹತ್ರ ಹೋಗ್ತಿರಲಿಲ್ಲ,” ಎಂದವರೇ ಟೆಸ್ಟರಿನ ಹಿಡಿಯಿಂದ ದೀಪದ ಮೇಲೆ ಎರಡು ಬಾರಿ ಮೆಲ್ಲಗೆ ತಟ್ಟಿದರು. ದೀಪ ಹತ್ತಲಿಲ್ಲ. ಮೂರನೆಯದನ್ನು ಸ್ವಲ್ಪ ಜೋರಾಗಿ ತಟ್ಟಿದರು. ಹದಿನಾಲ್ಕು ವರ್ಷ ಬಿಸಿಲಲ್ಲಿ ಬೆಂದ ಕೆಂಪು ಗಾಜು ಹಪ್ಪಳದ ಹಾಗೆ ಮುರಿದು ಅವರ ಚಪ್ಪಲಿಯ ಮೇಲೆ ಬಿತ್ತು.

ವಾಣಿ ಬಗ್ಗಿ ಚೂರುಗಳನ್ನು ಆರಿಸತೊಡಗಿದಳು.

“ನೋಡಿದ್ರಾ, ಎಷ್ಟು ಲಡ್ಡಾಗಿತ್ತು. ದಾರೀಲಿ ಒಡೆದಿದ್ರೆ ಏನು ಗತಿ?” ಎಂದು ಗಂಗಾಧರಪ್ಪನವರು ಟೆಸ್ಟರನ್ನು ಜೇಬಿಗೆ ಹಾಕಿಕೊಂಡರು.

ಬಲ್ಬು ಬದಲಿಸಿದರೆ ಮುಗಿಯುತ್ತಿದ್ದ ಕೆಲಸ ಇಡೀ ದೀಪ ಬದಲಿಸುವಷ್ಟಾಯಿತು. ಹನ್ನೊಂದರಿಂದ ಎರಡರವರೆಗೆ ಶೇಷಪ್ಪ ಐದು ಅಂಗಡಿ ಸುತ್ತಿದರು. ಒಬ್ಬ, ಈ ಮಾಡೆಲ್ ನಿಂತೇ ಹೋಯ್ತು ಸಾರ್ ಎಂದ. ಇನ್ನೊಬ್ಬ ಬಲಗಡೆಯದನ್ನು ತೋರಿಸಿ, ತಿರುಗಿಸಿ ಹಾಕಿದರೆ ಆಗುತ್ತೇನೋ ನೋಡಿ ಎಂದ. ಐದನೆಯವನು ಬೆಂಗಳೂರಿಂದ ತರಿಸಿಕೊಡುತ್ತೇನೆ, ಬುಧವಾರ ಬನ್ನಿ ಎಂದ. ಶೇಷಪ್ಪನವರ ಅಂಗಿ ಬೆನ್ನಿಗೆ ಅಂಟಿತ್ತು. ಊಟ ನೆನಪಾಗಲಿಲ್ಲ. ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸಿನವರು ಕೈ ಅಡ್ಡ ಹಿಡಿದರು.

“ಹಿಂದೆ ಗಾಜು ಎಲ್ಲಿ?”

“ರಿಪೇರಿಗೇ ಹೋಗ್ತಿದೀನಿ ಸಾರ್.”

“ಎಲ್ರೂ ಅದನ್ನೇ ಹೇಳೋದು. ಸಂಜೆ ನಾನಿಲ್ಲೇ ಇರ್ತೀನಿ. ಎರಡೂ ಹತ್ತಲಿಲ್ಲ ಅಂದ್ರೆ ಗಾಡಿ ಇಲ್ಲೇ ನಿಲ್ಲುತ್ತೆ.”

ಭದ್ರಾವತಿಗೆ ಆ ಸರ್ಕಲ್ ದಾಟಿಯೇ ಹೋಗಬೇಕು. ಮೂರು ಗಂಟೆಗೆ ಶೇಷಪ್ಪ ಆಟೋ ಕಾಂಪ್ಲೆಕ್ಸಿನ ಮೆಕ್ಯಾನಿಕ್ ಮೆಹಬೂಬ್ ಸಾಬರ ಶೆಡ್ಡಿನ ಮುಂದೆ ಇಳಿದಾಗ ಅವರ ಮುಖ ಪರೀಕ್ಷೆಯ ಕೊಠಡಿಯಿಂದ ಹೊರಬಿದ್ದ ಹುಡುಗನ ಮುಖದಂತಿತ್ತು.

ಮೆಹಬೂಬ್ ಸಾಬರು ಎಲ್ಲವನ್ನೂ ಕೇಳಿಸಿಕೊಂಡು ಗಡ್ಡ ನೀವಿಕೊಂಡರು. “ಈ ದೀಪ ಊರಲ್ಲೆಲ್ಲೂ ಸಿಗಲ್ಲ ಮೇಷ್ಟ್ರೇ.”

ಶೇಷಪ್ಪ ಅಲ್ಲೇ ಇದ್ದ ಟಯರಿನ ಮೇಲೆ ಕೂತುಬಿಟ್ಟರು.

“ಅರೆ, ಪೂರಾ ಕೇಳಿ. ನಮ್ಮ ಮಗಳು ಆಯೆಷಾಗೆ ಹತ್ತನೇ ಕ್ಲಾಸಲ್ಲಿ ಲೆಕ್ಕ ಹತ್ತಿಸಿದ್ದು ನೀವು. ನಿಮ್ಮ ತಂಗಿ ಮನೆ ಕಾರ್ಯ ನಿಲ್ಲೋಕೆ ಬಿಡ್ತೀನಾ?” ಎಂದು ಸಾಬರು ಶೆಡ್ಡಿನ ಹಿಂದಕ್ಕೆ ಕರೆದೊಯ್ದರು. ಅಲ್ಲಿ ಅವರದೇ ಕಾರು ನಿಂತಿತ್ತು. ಅದೇ ಮಾಡೆಲ್, ಅದೇ ಬಿಳಿ ಬಣ್ಣ. ಬೇಡ ಬೇಡವೆನ್ನುತ್ತಿರುವಾಗಲೇ ಅದರ ಎಡದೀಪವನ್ನು ಬಿಚ್ಚಿದರು. “ನಂದು ನಿಧಾನಕ್ಕೆ ಆಗುತ್ತೆ.”

ಹಾಕಿದ ಮೇಲೂ ದೀಪ ಸುಲಭಕ್ಕೆ ಬಗ್ಗಲಿಲ್ಲ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕಿತು. ಇಂಡಿಕೇಟರ್ ಹಾಕಿದರೆ ಎಲ್ಲವೂ ಆರಿತು. ಅರ್ತ್ ವೈರಿನ ತುಕ್ಕು ಉಜ್ಜಿ, ಹೊಸ ವೈರು ಎಳೆದು, ಸಾಕೆಟ್ಟು ಕೆರೆದು ಸಾಬರು ಮೇಲೆದ್ದಾಗ ಐದೂವರೆ. ಶೇಷಪ್ಪ ಗೋಡೆಗೆ ಹಿಂಬದಿ ಮಾಡಿ ಕಾರು ನಿಲ್ಲಿಸಿ ಬ್ರೇಕ್ ಒತ್ತಿ ಕನ್ನಡಿಯಲ್ಲಿ ನೋಡಿದರು. ಗೋಡೆಯ ಮೇಲೆ ಎರಡು ಕೆಂಪು ಮಚ್ಚೆ. ಅವರಿಗೆ ಕಣ್ಣು ತುಂಬಿ ಬಂತು.

ಆರೂಕಾಲಿಗೆ, ಮಬ್ಬುಗತ್ತಲಲ್ಲಿ, ಸರ್ಕಲ್ಲಿನಲ್ಲಿ ಪೊಲೀಸಿನವರು ಹಿಂದೆ ಬಂದು ನೋಡಿ ತಲೆಯಾಡಿಸಿದರು. ವಾಣಿ ಹೂವಿನ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಭಟ್ಟರಿಗೆ ಫೋನ್ ಮಾಡಿದಳು.

“ಇಲ್ಲೇ ಬಸ್ ಸ್ಟ್ಯಾಂಡ್ ಹತ್ರ ಇದೀನಮ್ಮ. ನೀವು ನಿಲ್ಲಿಸಬೇಡಿ. ನಿಲ್ಲಿಸಿದ್ರೆ ನಂಗೆ ಮತ್ತೆ ಹೊರಡಿಸೋದು ಕಷ್ಟ. ನಾನೇ ಹಿಂದೆ ಸೇರ್ಕೋತೀನಿ. ಇನ್ನು ಫೋನ್ ಎತ್ತಲ್ಲ,” ಎಂದರು ಭಟ್ಟರು.

ಸ್ವಲ್ಪ ಮುಂದೆ ಭಟ್ಟರ ನೀಲಿ ಕಾರು ಹಿಂದೆ ಬಂದು ಸೇರಿತು. ಒಂದು ಬಸ್ಸು ನಡುವೆ ನುಗ್ಗಿತು, ಹೋಯಿತು. ಶೇಷಪ್ಪ ಕನ್ನಡಿ ನೋಡಿದರು. ಎರಡು ಹೆಡ್‌ಲೈಟ್ ಬೆನ್ನಿಗೇ ಇದ್ದವು.

ಅಲ್ಲಿಂದ ಭದ್ರಾವತಿಯವರೆಗೆ ಅವರು ಮುಂದಿನ ರಸ್ತೆಗಿಂತ ಕನ್ನಡಿಯನ್ನೇ ಹೆಚ್ಚು ನೋಡಿದರು. ಮೂವತ್ತರ ಮೇಲೆ ಸ್ಪೀಡಿನ ಮುಳ್ಳು ಏರಗೊಡಲಿಲ್ಲ. ಹಿಂದಿನ ಬೆಳಕು ಬಲಕ್ಕೆ ಸರಿದರೆ, ಭಟ್ಟರು ದಾರಿ ತಪ್ಪಿದರೆಂದು ತಾವೂ ಬಲಕ್ಕೆ ಸರಿದು ದೀಪ ತೋರಿಸಿದರು. ಎಡಕ್ಕೆ ಸರಿದರೆ ಎಡಕ್ಕೆ.

“ಭಟ್ರು ಯಾಕೋ ತುಂಬ ಹಾರ್ನ್ ಮಾಡ್ತಿದಾರೆ,” ಎಂದಳು ವಾಣಿ.

“ಹೊಸಬರಲ್ವಾ, ಧೈರ್ಯಕ್ಕೆ ಮಾಡ್ಕೋತಾರೆ.”

ಏಳಕ್ಕೆ ಐದು ನಿಮಿಷವಿರುವಾಗ ಓಲ್ಡ್ ಟೌನಿನ ಹೊಸ ಮನೆಯ ಮುಂದೆ ಕಾರು ನಿಂತಿತು. ಬಾಗಿಲಲ್ಲಿ ಹಿರಿಯಣ್ಣ ಪಂಚೆಯುಟ್ಟು ಕಾಯುತ್ತಿದ್ದ. ಮುಖದಲ್ಲಿ ನಗುವಿನ ಒಂದು ಎಳೆ ಕಾಣಿಸಿಕೊಂಡಿತು. ಶೇಷಪ್ಪ ಇಳಿದು, ಹಿಂದಿನ ಗಾಡಿಯತ್ತ ಕೈಮುಗಿದು ನಡೆದರು.

ಅದು ಬ್ರೆಡ್ ಸಾಗಿಸುವ ವ್ಯಾನು. ಡ್ರೈವರ್ ಕೆಳಗಿಳಿದ.

“ಏನ್ ಸಾರ್ ನೀವು? ಶಿವಮೊಗ್ಗದಿಂದ ನೋಡ್ತಿದೀನಿ, ಬಲಕ್ಕೆ ಹೋದ್ರೆ ಬಲಕ್ಕೆ ಬರ್ತೀರಿ, ಎಡಕ್ಕೆ ಹೋದ್ರೆ ಎಡಕ್ಕೆ. ಈಗ ಬೀದಿಗೂ ಅಡ್ಡ ನಿಂತ್ರಿ. ನನ್ನ ಅಂಗಡಿ ಆ ಕಡೆ ಇದೆ. ನಿಮಗೆ ನಾನೇನು ಮಾಡಿದ್ದೆ?”

ಶೇಷಪ್ಪ ಅವನ ಹಿಂದೆ ನೋಡಿದರು. ಬೀದಿ ಖಾಲಿಯಾಗಿತ್ತು. ಹಿರಿಯಣ್ಣನ ನಗುವೂ ಅಲ್ಲಿಗೇ ನಿಂತಿತು. ಭಟ್ಟರಿಗೆ ಹತ್ತು ಬಾರಿ ಫೋನ್ ಹೋಯಿತು, ಎತ್ತಲಿಲ್ಲ. ಏಳೂಕಾಲಾಯಿತು. ಎಲ್ಲಿ ಗುದ್ದಿದರೋ, ಯಾವ ಚರಂಡಿಗೆ ಇಳಿದರೋ ಎಂದು ಶೇಷಪ್ಪ ಬೀದಿಯ ತುದಿಯನ್ನೇ ನೋಡುತ್ತಿರುವಾಗ ಫೋನ್ ಬಡಿಯಿತು. ಮೆಹಬೂಬ್ ಸಾಬರು. ಎಲ್ಲರಿಗೂ ಕೇಳಲೆಂದು ವಾಣಿ ಸ್ಪೀಕರ್ ಒತ್ತಿದಳು.

“ಮೇಷ್ಟ್ರೇ, ನಾನು ಗಾಜನೂರಲ್ಲಿದೀನಿ, ಆಯೆಷಾ ಮನೇಲಿ. ಅವಳ ಮಗೂಗೆ ಜ್ವರ ಅಂತ ನಮ್ಮ ಮನೆಯಾಕೆ ಸರ್ವರ್ ಬೀ ಹಟ ಮಾಡಿದ್ಲು, ದೀಪ ಹಾಕಿಸದೆ ಹಾಗೇ ಹೊರಟು ಬಂದ್ವಿ. ನಮ್ಮ ಹಿಂದೇನೇ ಒಬ್ರು ಭಟ್ರು ಬಂದಿದಾರೆ. ಕಾರಿಂದ ತುಪ್ಪ, ಸಮಿತ್ತು ಎಲ್ಲ ಇಳಿಸಿ, ಹೋಮಕ್ಕೆ ಇಟ್ಟಿಗೆ ಎಲ್ಲಿ ಜೋಡಿಸಿದೀರಿ ಅಂತ ಕೇಳ್ತಿದಾರೆ. ನಿಮ್ಮೋರಾ?”

ಗಾಜನೂರಿನ ದಾರಿ ಶಿವಮೊಗ್ಗದ ಇನ್ನೊಂದು ಕಡೆ. ಫೋನ್ ಭಟ್ಟರ ಕೈಗೆ ಹೋಯಿತು.

“ಶೇಷಪ್ಪನೋರೇ, ನನ್ನ ತಪ್ಪೇನಿಲ್ಲ. ಬಸ್ಸು ಅಡ್ಡ ಬಂತು. ಆಮೇಲೆ ನೋಡಿದ್ರೆ ಎರಡು ಬಿಳಿ ಕಾರು. ಒಂದಕ್ಕೆ ಎರಡು ದೀಪ, ಒಂದಕ್ಕೆ ಒಂದೇ. ಬೆಳಿಗ್ಗೆ ಗಂಗಾಧರಪ್ಪನೋರು ಫೋನ್ ಮಾಡಿ, ಎಡಗಡೆ ದೀಪ ಇಲ್ದಿರೋದೇ ಮೇಷ್ಟ್ರ ಗಾಡಿ, ಗುರುತಿಟ್ಕೊಳ್ಳಿ ಅಂದಿದ್ರು. ನೀವು ರಿಪೇರಿ ಮಾಡಿಸಿದ್ದು ನಂಗೇನು ಗೊತ್ತು?”

“ಈಗ... ಈಗ ಹೊರಟು ಬರ್ತೀರಾ ಭಟ್ರೇ?” ಎಂದರು ಶೇಷಪ್ಪ.

“ಒಬ್ನೇ ಬರೋಕಾಗಲ್ಲ. ಸಾಬರಿಗೆ ಮಗೂನ ಆಸ್ಪತ್ರೆಗೆ ತೋರಿಸೋದಿದೆಯಂತೆ. ಇವತ್ತಿನ ಮುಹೂರ್ತ ಹೋದ್ರೂ ಬೆಳಗಿನ ಜಾವ ನಾಲ್ಕಕ್ಕೆ ಇನ್ನೊಂದಿದೆ. ನೀವೇ ಬಂದು ಕರ್ಕೊಂಡು ಹೋಗಿ.” ಭಟ್ಟರು ಸ್ವಲ್ಪ ತಡೆದು ಹೇಳಿದರು, “ಆದ್ರೆ ಬರುವಾಗ ಆ ಎಡಗಡೆ ದೀಪ ಬಿಚ್ಚಿಟ್ಟು ಬನ್ನಿ. ಇಲ್ದಿದ್ರೆ ನಂಗೆ ಗುರುತು ಸಿಗಲ್ಲ.”

ಹಿರಿಯಣ್ಣ ಒಳಗೆ ಹೋಗಿ, ಸ್ಕ್ರೂಡ್ರೈವರ್ ತಂದು ಶೇಷಪ್ಪನವರ ಕೈಗಿಟ್ಟ.